ಮೂರನೆಯ ರೀಲಿನ ಖಾಲಿ ದೋಣಿ

ಆ ಶಾರ್ಕ್ ಸಿನೆಮಾ ಕಾಪುವಿಗೆ ಬಂದದ್ದು ಯಾರೂ ಬೇಕೆಂದು ಕೇಳಿ ಅಲ್ಲ. ಬರಬೇಕಾಗಿದ್ದ ಕನ್ನಡ ಚಿತ್ರದ ಪ್ರಿಂಟ್ ಬೇರೊಂದು ಊರಿನಲ್ಲಿ ಇನ್ನೊಂದು ವಾರ ಓಡುತ್ತದೆಂದು ಅಲ್ಲಿಯೇ ಉಳಿಯಿತು. ನಮ್ಮ ಸಿನೆಮಾ ಟೆಂಟು ಖಾಲಿ ಬಿಡುವ ಹಾಗಿಲ್ಲ. ಹಂಚಿಕೆದಾರರ ಕಚೇರಿಯವರು ಕೈಗೆ ಸಿಕ್ಕಿದ ಡಬ್ಬಗಳನ್ನು ಬಸ್ಸಿನ ಮೇಲೆ ಹಾಕಿ ಕಳಿಸಿಬಿಟ್ಟರು. ಗುರುವಾರ ಬೆಳಿಗ್ಗೆ ಕಂಡಕ್ಟರ್ ಅವನ್ನು ಕೆಳಗಿಳಿಸಿ, "ಇಂಗ್ಲಿಷ್ ಅಂತೆ ಮಾರಾಯ್ರೆ, ಜನ ಬರ್ತಾರಾ?" ಎಂದು ಕೇಳಿದ. ನನಗೂ ಅದೇ ಸಂಶಯ ಇತ್ತು.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ ಅದು. ನಾನು ಆ ಟೂರಿಂಗ್ ಟೆಂಟಿನ ಆಪರೇಟರ್. ಮನೆ ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ. ವಾರದಲ್ಲಿ ಒಂದು ದಿನ ಹೋಗಿಬರುತ್ತಿದ್ದೆ, ಉಳಿದ ದಿನ ಪ್ರೊಜೆಕ್ಟರ್ ಕ್ಯಾಬಿನ್ನಿನ ಹಿಂದಿನ ತಗಡಿನ ಕೋಣೆಯಲ್ಲಿ ವಾಸ. ಟೆಂಟಿನ ಧಣಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಬ್ಯಾರಿ ಮನೆತನದವರು, ತಮ್ಮಂದಿರು ಗಲ್ಫಿನಲ್ಲಿ. ಸಿನೆಮಾ ಅವರಿಗೆ ವ್ಯಾಪಾರಕ್ಕಿಂತ ಸ್ವಲ್ಪ ಹೆಚ್ಚು, ಹುಚ್ಚಿಗಿಂತ ಸ್ವಲ್ಪ ಕಡಿಮೆ. ಪ್ರತಿದಿನ ಮೊದಲ ಆಟಕ್ಕೆ ತಾವೇ ಬಂದು ಹಿಂದಿನ ಕುರ್ಚಿಯಲ್ಲಿ ಕೂತು ಜನರ ಮುಖ ನೋಡುತ್ತಿದ್ದರು. ಪರದೆ ನೋಡುತ್ತಿದ್ದುದು ಕಡಿಮೆ.

ಪ್ರಿಂಟ್ ಬಂದ ಕೂಡಲೇ ಮಾಡುವ ಕೆಲಸ ಒಂದೇ. ಪ್ರತಿಯೊಂದು ರೀಲನ್ನೂ ಕೈಯಿಂದ ತಿರುಗಿಸುವ ರಿವೈಂಡರಿಗೆ ಹಾಕಿ, ಫಿಲ್ಮಿನ ಎರಡೂ ಅಂಚುಗಳನ್ನು ಹತ್ತಿಬಟ್ಟೆಯ ನಡುವೆ ಹಿಡಿದು, ನಿಧಾನವಾಗಿ ಸುತ್ತಬೇಕು. ಅಂಚಿನ ತೂತು ಹರಿದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಹಳೆಯ ಜೋಡಣೆ ಇದ್ದಲ್ಲಿ ಬೆರಳಿಗೆ ದಪ್ಪ ತಾಗುತ್ತದೆ. ಒಟ್ಟು ಐದು ರೀಲು. ಮೊದಲ ರೀಲಿನಲ್ಲಿಯೇ ಹದಿನಾಲ್ಕು ಜೋಡಣೆ ಎಣಿಸಿ ನಾನು ಎಣಿಸುವುದನ್ನೇ ಬಿಟ್ಟೆ. ಎಷ್ಟೋ ಟೆಂಟುಗಳಲ್ಲಿ ತಿರುಗಿ ತಿರುಗಿ ಮುಪ್ಪಾದ ಪ್ರಿಂಟ್ ಅದು. ಮಳೆ ಬಿದ್ದ ಹಾಗೆ ಉದ್ದಕ್ಕೂ ಗೀರು.

ಅಂದು ಸಂಜೆ ಹೊತ್ತು ಮುಳುಗಿದ ಮೇಲೆ ಮೊದಲ ಆಟ. ಚಿತ್ರದವರು ಮಾತನಾಡುತ್ತಿದ್ದುದು ಇಂಗ್ಲಿಷ್, ಆದರೆ ತುಟಿಗಳು ಬೇರೆ ಯಾವುದೋ ಭಾಷೆಯಲ್ಲಿ ಅಲ್ಲಾಡುತ್ತಿದ್ದವು. ಕಥೆ ಸುಲಭ. ಕಡಲ ಬದಿಯ ಒಂದು ಊರು, ಅಲ್ಲಿ ಸ್ನಾನಕ್ಕೆ ಬರುವ ಜನ, ಅವರನ್ನು ಹಿಡಿಯುವ ಒಂದು ಶಾರ್ಕ್. ಶಾರ್ಕ್ ರಬ್ಬರಿನದ್ದು. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಒಂದು ಕಡೆ ಅದರ ಹೊಟ್ಟೆಯ ಕೆಳಗೆ ಹಗ್ಗವೇ ಕಾಣುತ್ತಿತ್ತು.

ನಮ್ಮ ಟೆಂಟಿನ ಮುಂದಿನ ಅರ್ಧ ಬರೀ ಹೊಯ್ಗೆ, ಅಂದರೆ ಮರಳು. ಅಲ್ಲಿ ಕೂರುವವರು ಹೆಚ್ಚಿನವರು ಮೊಗವೀರರು, ಮೀನು ಹಿಡಿಯುವವರು. ಶಾರ್ಕಿಗೆ ಅವರು ತುಳುವಿನಲ್ಲಿ ತಾಟೆ ಎನ್ನುತ್ತಾರೆ. ದಿನಾ ಬಲೆಯಿಂದ ಬಿಡಿಸಿ ಹೊಯ್ಗೆಗೆ ಎಸೆಯುವ ಮೀನು. ರಬ್ಬರಿನ ತಾಟೆ ಮೊದಲ ಸಲ ತಲೆ ಎತ್ತಿದಾಗ ಹೆಂಗಸರ ಬದಿಯಿಂದ ಒಂದು ಸ್ವರ ಬಂತು: "ಇದು ಬಾಣಂತಿಗೆ ಸಾರು ಮಾಡಿ ಕೊಡುವ ಮೀನು ಅಲ್ವಾ! ಇದಕ್ಕೆ ಹೀಗೆ ಬೊಬ್ಬೆ ಹಾಕುವುದಾ?" ಟೆಂಟಿಗೆ ಟೆಂಟೇ ನಕ್ಕಿತು. ಆ ಸ್ವರ ನನಗೆ ಗೊತ್ತಿತ್ತು. ಬೆಳಿಗ್ಗೆ ಬುಟ್ಟಿ ಹೊತ್ತು ನಮ್ಮ ಕ್ಯಾಬಿನ್ನಿನ ಹಿಂದಿನ ದಾರಿಯಲ್ಲಿ ಮೀನು ಮಾರುತ್ತ ಹೋಗುವ ಅಕ್ಕನದು. ನಾನು ಅವರಿಂದಲೇ ಬಂಗುಡೆ ಕೊಳ್ಳುತ್ತಿದ್ದೆ.

ಮೂರನೆಯ ರೀಲಿನಲ್ಲಿ ಒಂದು ದೃಶ್ಯ ಇತ್ತು. ಗಂಡು ಹೆಣ್ಣು ಇಬ್ಬರು ಸಣ್ಣ ಬಿಳಿ ದೋಣಿಯಲ್ಲಿ ಕಡಲಿಗೆ ಹೋಗುತ್ತಾರೆ, ನೀರಿಗೆ ಇಳಿಯುತ್ತಾರೆ. ಆಮೇಲೆ ಅವರನ್ನು ತೋರಿಸುವುದೇ ಇಲ್ಲ. ಬರೀ ದೋಣಿ. ಅದು ತೆರೆಗೆ ಏಳುತ್ತದೆ, ಇಳಿಯುತ್ತದೆ, ಮೆಲ್ಲಗೆ ತಿರುಗುತ್ತದೆ. ಹಲಗೆಯ ಮೇಲೆ ಒಂದು ಟವೆಲು. ಸಂಗೀತ ಇಲ್ಲ, ದೋಣಿಯ ಬದಿಗೆ ನೀರು ಬಡಿಯುವ ಸದ್ದು ಮಾತ್ರ. ಎರಡೂವರೆ ನಿಮಿಷ ಅಷ್ಟೇ. ಆ ಹೊತ್ತಿಗೆ ನಾನು ಪ್ರೊಜೆಕ್ಟರಿಗೆ ಬೆಳಕು ಕೊಡುವ ಆರ್ಕನ್ನು ಕಪ್ಪು ಗಾಜಿನಲ್ಲಿ ನೋಡುತ್ತಿದ್ದೆ. ಎರಡು ಕಾರ್ಬನ್ ಕಡ್ಡಿಗಳ ನಡುವಿನ ಅಂತರ ಹೆಚ್ಚಾದರೆ ಪರದೆ ಹಳದಿಯಾಗುತ್ತದೆ, ಕಡಿಮೆಯಾದರೆ ಕಡ್ಡಿ ಅಂಟಿಕೊಳ್ಳುತ್ತದೆ. ಹಾಗಾಗಿ ಪರದೆಯ ಕಡೆ ನನ್ನ ಗಮನ ಇರಲಿಲ್ಲ. ಟೆಂಟಿನಲ್ಲಿ ಮಾತು ನಿಂತದ್ದು ಮಾತ್ರ ಕೇಳಿಸಿತು. ಬೆಂಚಿನ ಕಡೆಯ ಯುವಕರು ಕೆಲವರು ಬೀಡಿ ಹಚ್ಚಲು ಹೊರಗೆ ಹೋದರು. ಜನರಿಗೆ ಬೇಸರ ಬಂದಿದೆ ಎಂದು ನಾನು ತಿಳಿದುಕೊಂಡೆ.

ಧಣಿಯೂ ಹಾಗೆಯೇ ತಿಳಿದರು. ಆಟ ಮುಗಿದ ಮೇಲೆ ಕ್ಯಾಬಿನ್ನಿನ ಏಣಿಯ ಕೆಳಗೆ ನಿಂತು ಹೇಳಿದರು. "ನೋಡು ಮಾರಾಯ, ತಾಟೆ ಬಂದರೆ ಜನ ನಗ್ತಾರೆ, ಅದು ಅಡ್ಡಿಯಿಲ್ಲ. ನಕ್ಕರೂ ಕೂತಿರ್ತಾರೆ. ತಾಟೆ ಇಲ್ಲದ ಕಡೆ ಎದ್ದು ಹೋಗ್ತಾರೆ. ಆ ಹೋಟ್ಲಿನಲ್ಲಿ ಕೂತು ಮಾತಾಡುವುದುಂಟಲ್ಲ, ಅದು ತೆಗಿ. ಆ ಖಾಲಿ ದೋಣಿ ಯಾಕೆ? ಅದೂ ತೆಗಿ."

"ಪ್ರಿಂಟ್ ಕತ್ತರಿಸಿದರೆ ಆಫೀಸಿನವರು ಸುಮ್ಮನಿರುವುದಿಲ್ಲ ಧಣಿಗಳೇ."

"ಹೋಗುವಾಗ ಪುನಃ ಜೋಡಿಸಿ ಕೊಡು. ತುಂಡು ಇಟ್ಟುಕೋ, ಎಸೆಯಬೇಡ."

ಶುಕ್ರವಾರ ಬೆಳಿಗ್ಗೆ ಕತ್ತರಿಸಿದೆ. ಹೋಟೆಲಿನ ಮಾತು ಸುಮಾರು ಮುನ್ನೂರು ಅಡಿ, ದೋಣಿ ಇನ್ನೂರಿಪ್ಪತ್ತು ಅಡಿಯ ಆಸುಪಾಸು. ಕತ್ತರಿಸುವುದು ಕಷ್ಟವಲ್ಲ, ಸದ್ದನ್ನು ನೋಡಿಕೊಳ್ಳುವುದು ಕಷ್ಟ. ಫಿಲ್ಮಿನಲ್ಲಿ ಚಿತ್ರದ ಸದ್ದು ಆ ಚಿತ್ರದ ಪಕ್ಕದಲ್ಲಿ ಇರುವುದಿಲ್ಲ, ಇಪ್ಪತ್ತು ಚೌಕ, ಅಂದರೆ ಫ್ರೇಮು, ಮುಂದೆ ಇರುತ್ತದೆ. ಚಿತ್ರ ನೋಡಿ ಕತ್ತರಿಸಿದರೆ ಮಾತಿನ ಬಾಲ ಹಾರಿಹೋಗುತ್ತದೆ. ನೀರಿನ ಸದ್ದಿಗೆ ಮಾತಿಲ್ಲವಾದ್ದರಿಂದ ದೋಣಿಯ ತುಂಡು ಸಲೀಸಾಗಿ ಬಂತು. ಎರಡೂ ತುಂಡುಗಳನ್ನು ಸುತ್ತಿ ಒಂದು ಬಿಸ್ಕತ್ತಿನ ಡಬ್ಬದಲ್ಲಿಟ್ಟು ತಗಡಿನ ಕೋಣೆಯಲ್ಲಿ ಇಟ್ಟೆ. ಆ ಕೋಣೆ ಮಧ್ಯಾಹ್ನ ಕಾವಲಿಯ ಹಾಗೆ ಕಾಯುತ್ತದೆ ಎಂಬುದು ಆಗ ಯೋಚನೆಗೆ ಬರಲಿಲ್ಲ.

ಕತ್ತರಿಸಿದ ಮೇಲೆ ಸಿನೆಮಾ ಓಡಿತು ಎಂದೇ ಹೇಳಬೇಕು. ಶುಕ್ರವಾರ ಊರಿನ ಯುವಕರು ಹೆಚ್ಚು ಬಂದರು. ಶನಿವಾರ ಮಣಿಪಾಲದಿಂದ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಸ್ಕೂಟರುಗಳಲ್ಲಿ ಬಂತು. ಹಗಲಿಡೀ ಲೈಟ್‌ಹೌಸಿನ ಬಳಿ ನೀರಿನಲ್ಲಿ ಆಡಿ, ಒದ್ದೆ ತಲೆಯಲ್ಲೇ ಕುರ್ಚಿಗಳಲ್ಲಿ ಕೂತರು. ತಾಟೆ ಬಂದಾಗಲೆಲ್ಲ ಶಿಳ್ಳೆ. ಹೊಯ್ಗೆಯ ಮೇಲೆ ಮಾತ್ರ ಜನ ತೆಳುವಾಗಿದ್ದರು. ಹೆಂಗಸರ ಬದಿಯಲ್ಲಿ ಒಂದು ದೊಡ್ಡ ಗುಂಪು ಕೂತಿತ್ತು, ಆದರೆ ಮೂರನೆಯ ರೀಲು ಮುಗಿದು ದೀಪ ಹಾಕಿದಾಗ ಅದು ಎದ್ದು ಹೋಯಿತು. ನಮ್ಮದು ಒಂದೇ ಪ್ರೊಜೆಕ್ಟರ್. ರೀಲು ಬದಲಿಸುವಾಗಲೆಲ್ಲ ದೀಪ ಹಾಕಲೇಬೇಕು. ಯಾಕೆ ಹೋದರೋ ಎಂದುಕೊಂಡು ನಾನು ನಾಲ್ಕನೆಯ ರೀಲು ಏರಿಸಿದೆ.

ಭಾನುವಾರ ಧಣಿಯ ಪರಿಚಯದವರ ಥಿಯೇಟರಿನಲ್ಲಿ, ಕಾರ್ಕಳದಲ್ಲಿ, ಅದೇ ಪ್ರಿಂಟಿಗೆ ಒಂದು ಮ್ಯಾಟಿನಿ ನಿಗದಿಯಾಗಿತ್ತು. ಡಬ್ಬಗಳ ಜೊತೆ ನಾನೇ ಬಸ್ಸಿನಲ್ಲಿ ಹೋದೆ. ಅಲ್ಲಿ ಕಂಡದ್ದು ಬೇರೆಯೇ. ಕಾರ್ಕಳದ ಜನಕ್ಕೆ ಕಡಲು ಎಂದರೆ ವರ್ಷಕ್ಕೊಮ್ಮೆ ಹೋಗಿ ಕಾಲು ತೊಳೆದು ಬರುವ ಜಾಗ. ತಾಟೆಯನ್ನು ಅವರು ನೋಡಿದ್ದು ಒಣಮೀನಿನ ತುಂಡಾಗಿ. ರಬ್ಬರಿನ ಬಾಯಿ ತೆರೆದಾಗ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಕಿರುಚಿದರು, ಅದು ಕೇಳಿ ಕೆಳಗಿನವರೂ ಕಿರುಚಿದರು. ಕುರ್ಚಿಯ ಮೇಲೆ ಕಾಲೆತ್ತಿ ಕೂತವರನ್ನು ನಾನೇ ನೋಡಿದ್ದೇನೆ. ಕುಕ್ಕುಂದೂರಿನಿಂದ ಬಂದಿದ್ದ ನನ್ನ ತಂಗಿ, "ಅಣ್ಣ, ನೀವು ಅಲ್ಲಿ ಕಡಲಿಗೆ ಇಳಿಯುವುದಿಲ್ಲ ಅಲ್ವಾ?" ಎಂದು ನಿಜವಾಗಿಯೂ ಕೇಳಿದಳು. ಸಂಜೆ ಬಸ್ಸಿನಲ್ಲಿ ಹಿಂದೆ ಬರುವಾಗ ಧಣಿಯ ಲೆಕ್ಕಾಚಾರ ಸರಿ ಎಂದು ನನಗೆ ಪೂರ್ತಿ ಒಪ್ಪಿಗೆಯಾಗಿತ್ತು.

ಸೋಮವಾರ ಬೆಳಿಗ್ಗೆ ಮೀನಿನ ಅಕ್ಕ ಬುಟ್ಟಿ ಇಳಿಸದೆ ಕ್ಯಾಬಿನ್ನಿನ ಬಾಗಿಲಿಗೆ ಬಂದರು. ನಾವು ಮಾತನಾಡುತ್ತಿದ್ದುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆಪ್ರೇಟ್ರೇ, ಆ ದೋಣಿಯನ್ನು ಎಂತ ಮಾಡಿದಿರಿ?"

"ಯಾವ ದೋಣಿ ಅಕ್ಕ?"

"ಎಂತ ಯಾವ ದೋಣಿ! ಬಿಳಿಯದ್ದು, ಒಳಗೆ ಯಾರೂ ಇಲ್ಲದ್ದು. ಗುರುವಾರ ಇತ್ತು. ಶನಿವಾರ ಇಲ್ಲ. ನಾನು ಹನ್ನೊಂದು ಜನರನ್ನು ಕರ್ಕೊಂಡು ಬಂದಿದ್ದೆ. ನಿನ್ನೆ ಕೇಳಲು ಬಂದರೆ ನೀವು ಇಲ್ಲ."

"ರೀಲು ಹರಿಯಿತು ಅಕ್ಕ. ಹಳೆ ಪ್ರಿಂಟ್ ಅಲ್ವಾ."

ಅವರು ನನ್ನ ಮುಖ ನೋಡಿದರು. "ಕೆಟ್ಟ ಮೀನನ್ನು ಹೊಸತು ಎಂದು ಮಾರುವವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತುಂಟು" ಎಂದರು.

ನಾನು ನಿಜ ಹೇಳಿದೆ. ಜನರಿಗೆ ಬೇಸರವಾಗುತ್ತದೆಂದು ತೆಗೆದದ್ದು ಎಂದೆ.

"ಬೇಸರವಾ?" ಅಕ್ಕ ಬುಟ್ಟಿ ಇಳಿಸಿ ಏಣಿಯ ಮೆಟ್ಟಿಲಿನಲ್ಲಿ ಕೂತರು. "ನಮ್ಮವರು ಉಸಿರು ಬಿಡಲಿಲ್ಲ ಮಾರಾಯ್ರೆ. ನೀವು ಅದನ್ನು ಬೇಸರ ಅಂತ ತಿಳಿದಿರಾ?"

ಆಮೇಲೆ ಅವರು ಹೇಳಿದ್ದು ಇಷ್ಟು. ಆರು ವರ್ಷದ ಹಿಂದೆ, ಮಳೆಗಾಲ ಮುಗಿದು ದೋಣಿ ಇಳಿಸಿದ ಮೊದಲ ವಾರ, ಅವರ ಅಣ್ಣ ಮತ್ತು ಇನ್ನಿಬ್ಬರು ಕಡಲಿಗೆ ಹೋದರು. ಮಾರನೆಯ ದಿನ ದೋಣಿ ಸಿಕ್ಕಿತು, ಜನ ಸಿಗಲಿಲ್ಲ. ದೋಣಿಯನ್ನು ನೋಡಿ ಎಳೆದು ತಂದ ಗಂಡಸರು ಇಂದಿಗೂ ಊರಿನಲ್ಲೇ ಇದ್ದಾರೆ. ಅಣ್ಣನ ಹೆಂಡತಿ, ಅಂದರೆ ಅಕ್ಕನ ಅತ್ತಿಗೆ, ಅವರನ್ನು ಒಬ್ಬೊಬ್ಬರನ್ನಾಗಿ ಕೇಳಿದ್ದರಂತೆ: ದೋಣಿ ಹೇಗಿತ್ತು, ನೀವು ನೋಡುವಾಗ ಅದು ಎಂತ ಮಾಡುತ್ತಿತ್ತು?

"ಯಾರೂ ಹೇಳುವುದಿಲ್ಲ" ಎಂದರು ಅಕ್ಕ. "ದೋಣಿ ಸಿಕ್ಕಿತು ಅಂತಾರೆ, ಅಷ್ಟೇ. ಹೇಳಿದರೆ ಇವಳಿಗೆ ಬೇಜಾರಾಗ್ತದೆ ಅಂತ. ಆರು ವರ್ಷದಿಂದ ಅವಳು ಮನಸ್ಸಿನಲ್ಲಿ ಎಂತೆಂತದೋ ಮಾಡಿಕೊಂಡಿದ್ದಾಳೆ. ಮಗುಚಿತ್ತು ಅಂತ ಒಂದು ದಿನ, ಒಡೆದಿತ್ತು ಅಂತ ಇನ್ನೊಂದು ದಿನ. ಗುರುವಾರ ನಾನು ನೋಡಿದೆನಲ್ಲ, ಅದು ಹಾಗೆಯೇ ಇರಬೇಕು ಅಂತ ಅನ್ನಿಸಿತು. ಮನೆಗೆ ಹೋಗಿ ಹೇಳಿದೆ. ನನಗೆ ತೋರಿಸು ಅಂತ ಅವಳೇ ಹೊರಟದ್ದು. ಶನಿವಾರ ಬಂದು ನೋಡಿದರೆ ಬರೀ ರಬ್ಬರು."

"ಅತ್ತಿಗೆಗೆ ಅದನ್ನು ನೋಡಿ ಹೆಚ್ಚುಕಡಿಮೆಯಾದರೆ?"

"ಆಗುವುದೆಲ್ಲ ಆಗಿ ಆಯ್ತಲ್ಲ. ನೀವು ಹಾಕ್ತೀರಾ ಇಲ್ವಾ ಹೇಳಿ. ಊರಿಗೆಲ್ಲ ಡಂಗುರ ಬೇಡ, ನಾನು ಹೇಳಿದ್ದು ಯಾರಿಗೂ ಹೇಳಬೇಡಿ."

ಅಂದು ಮತ್ತು ಮಂಗಳವಾರ, ಎರಡೇ ದಿನ ಬಾಕಿ ಇತ್ತು. ನಾನು ಪೇಟೆಗೆ ಹೋಗಿ ಬಟ್ಟೆ ಅಂಗಡಿಯಲ್ಲಿ ಧಣಿಯನ್ನು ಕಂಡೆ. ಅಕ್ಕನ ವಿಷಯ ಹೇಳಲಿಲ್ಲ. ಮೀನುಗಾರರು ದೋಣಿಯ ದೃಶ್ಯ ಕೇಳುತ್ತಿದ್ದಾರೆ, ಪುನಃ ಸೇರಿಸಲೇ ಎಂದು ಕೇಳಿದೆ.

ಧಣಿ ಬಟ್ಟೆಯ ಥಾನು ಮಡಚುತ್ತಿದ್ದರು. "ಎಂತದು ಮಾರಾಯ! ಕಾರ್ಕಳದಲ್ಲಿ ಕುರ್ಚಿ ಹತ್ತಿದ್ದಾರೆ ಅಂತ ನೀನೇ ಹೇಳಿದ್ದು. ಸರಿಯಾಗಿ ಓಡುವುದನ್ನು ಯಾಕೆ ಬಿಚ್ಚುವುದು? ಎರಡು ದಿನ ಓಡಿಸು, ಬುಧವಾರ ಜೋಡಿಸಿ ಕಳಿಸು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಗಡಿಯಿಂದ ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಯೋಚಿಸಿದೆ. ಧಣಿಯ ಮಾತು ಮೀರಿ ನಾನು ಅಲ್ಲಿಯವರೆಗೆ ಒಂದು ಬಲ್ಬನ್ನೂ ಬದಲಿಸಿದವನಲ್ಲ. ಆದರೆ ಕ್ಯಾಬಿನ್ನಿನಲ್ಲಿ ಕೂತು ನಾನು ಕೇಳಿಸಿಕೊಂಡ ಆ ಮೌನವನ್ನು ತಪ್ಪಾಗಿ ಓದಿದ್ದು ನಾನೇ. ಜನರ ಸದ್ದಿನಿಂದಲೇ ಆಟ ಹೇಗೆ ಹೋಗುತ್ತಿದೆ ಎಂದು ಹೇಳಬಲ್ಲೆ ಎಂಬ ಜಂಬ ಇದ್ದವನು ನಾನು. ಅದು ಚುಚ್ಚುತ್ತಿತ್ತು. ಸೇರಿಸುವುದೆಂದು ನಿಶ್ಚಯಿಸಿದೆ. ಆದದ್ದಾಗಲಿ.

ಕೋಣೆಗೆ ಬಂದು ನೋಡಿದರೆ ಮೊದಲ ತೊಂದರೆ: ತುಂಡುಗಳನ್ನು ಅಂಟಿಸುವ ಫಿಲ್ಮ್ ಸಿಮೆಂಟಿನ ಬಾಟಲಿ ಸೆಕೆಗೆ ಒಣಗಿ ಬೆಲ್ಲದ ಪಾಕದಂತಾಗಿತ್ತು. ಅದನ್ನು ಹಚ್ಚಿದರೆ ಜೋಡಣೆ ಹಿಡಿಯುವುದಿಲ್ಲ. ಹನ್ನೊಂದೂವರೆಯ ಬಸ್ಸು ಹಿಡಿದು ಉಡುಪಿಗೆ ಹೋದೆ. ಅಲ್ಲಿನ ಒಂದು ಥಿಯೇಟರಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರ್ ಇದ್ದರು. ಮ್ಯಾಟಿನಿಗೆ ಮೊದಲು ಅವರನ್ನು ಹಿಡಿಯಬೇಕಿತ್ತು.

"ಎಂತ ಹರಿದದ್ದು?" ಎಂದು ಕೇಳಿದರು.

"ಹರಿದದ್ದಲ್ಲ. ತೆಗೆದದ್ದು. ಖಾಲಿ ದೋಣಿಯ ಒಂದು ತುಂಡು."

"ಎರಡು ನಿಮಿಷದ ದೋಣಿಗೆ ಕಾಪುವಿನಿಂದ ಬಂದೆಯಾ?" ಅವರು ನಕ್ಕು, ಸಣ್ಣ ಬಾಟಲಿಯಲ್ಲಿ ಅರ್ಧ ಸಿಮೆಂಟು ಸುರಿದು ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು, ಅದನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. "ಇಂಥ ಬಡ ಸಿನೆಮಾದಲ್ಲಿ ಹಾಗೆಯೇ ಆಗುವುದು ನೋಡು. ಒಳ್ಳೆಯ ಶಾರ್ಕ್ ಮಾಡಲು ಅವರ ಹತ್ತಿರ ದುಡ್ಡಿಲ್ಲ. ಹಾಗಾಗಿ ಅರ್ಧ ಸಿನೆಮಾ ಬರೀ ಕಡಲನ್ನೇ ತೋರಿಸ್ತಾರೆ."

ಹಿಂದೆ ಬಂದಾಗ ಎರಡು ಗಂಟೆ. ಬಿಸ್ಕತ್ತಿನ ಡಬ್ಬ ತೆರೆದೆ. ಮೂರು ದಿನದ ಬಿಸಿಗೆ ದೋಣಿಯ ತುಂಡು ಸುರುಳಿಗಟ್ಟಿ, ಕೈಬಿಟ್ಟರೆ ಬಾಳೆಎಲೆ ಬಾಡಿದ ಹಾಗೆ ಮುದುಡಿಕೊಳ್ಳುತ್ತಿತ್ತು. ಅದನ್ನು ಉಲ್ಟಾ ಸುತ್ತಿ, ಬಿಗಿಯಾಗಿ ಕಟ್ಟಿ, ಎರಡು ಗಂಟೆ ಹಾಗೆಯೇ ಬಿಟ್ಟೆ. ಸ್ವಲ್ಪ ನೆಟ್ಟಗಾಯಿತು, ಪೂರ್ತಿ ಆಗಲಿಲ್ಲ. ಹೊತ್ತು ಇರಲಿಲ್ಲ.

ಜೋಡಿಸುವ ಕ್ರಮ ಹೀಗೆ. ಒಂದು ಚೌಕಕ್ಕೆ ಪ್ರತಿ ಬದಿಗೆ ನಾಲ್ಕು ತೂತು. ಎರಡು ಚೌಕಗಳ ನಡುವಿನ ಗೆರೆಯಲ್ಲೇ ಕತ್ತರಿಸಬೇಕು, ಒಂದು ತೂತು ಹೆಚ್ಚುಕಡಿಮೆಯಾದರೂ ಪರದೆಯ ಮೇಲೆ ತಲೆ ಕೆಳಗೆ ಬಂದು ಕಾಲು ಮೇಲೆ ಹೋಗುತ್ತದೆ. ಒಂದು ತುದಿಯಲ್ಲಿ ಮಂದವಾಗಿ ಕಾಣುವ ಬದಿಯನ್ನು ಬ್ಲೇಡಿನಿಂದ ಹೆರೆದು, ಕೆಳಗಿನ ಪಾರದರ್ಶಕ ಫಿಲ್ಮ್ ಕಾಣುವಂತೆ ಮಾಡಬೇಕು. ಅದಕ್ಕೆ ಸಿಮೆಂಟು ಒಂದೇ ಸಲ ಎಳೆದು, ಇನ್ನೊಂದು ತುದಿಯನ್ನು ತೂತಿಗೆ ತೂತು ಕೂರಿಸಿ ಒತ್ತಿ ಹಿಡಿಯಬೇಕು. ಹೆಚ್ಚು ಹೆರೆದರೆ ಫಿಲ್ಮ್ ತೆಳುವಾಗಿ ಹರಿಯುತ್ತದೆ, ಕಡಿಮೆ ಹೆರೆದರೆ ಸಿಮೆಂಟು ಹಿಡಿಯುವುದಿಲ್ಲ. ನನ್ನ ಕೈ ಆ ಕೆಲಸದಲ್ಲಿ ಪಳಗಿದ್ದೇ. ಎರಡೂ ಕಡೆ ಜೋಡಿಸಿ, ಬೆರಳಿನಲ್ಲಿ ಬಗ್ಗಿಸಿ ನೋಡಿ, ರೀಲು ಸುತ್ತಿದೆ. ಹೋಟೆಲಿನ ಮಾತು ಡಬ್ಬದಲ್ಲೇ ಇರಲಿ ಎಂದು ಬಿಟ್ಟೆ. ಸಂಜೆ ಬನ್ನಿ ಎಂದು ಅಕ್ಕನಿಗೆ ಹೇಳಿ ಕಳಿಸಿದೆ.

ಸಂಜೆ ಕ್ಯಾಬಿನ್ನಿನ ಕಿಂಡಿಯಿಂದ ನೋಡಿದೆ. ಹೆಂಗಸರ ಬದಿಯಲ್ಲಿ ಮುಂದಿನ ಸಾಲಿನ ಹೊಯ್ಗೆಯಲ್ಲಿ ಅಕ್ಕ ಕೂತಿದ್ದರು. ಪಕ್ಕದಲ್ಲಿ ತೆಳ್ಳಗಿನ ಒಬ್ಬ ಹೆಂಗಸು, ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದುಕೊಂಡವರು. ಅತ್ತಿಗೆ ಅವರೇ ಇರಬೇಕು. ಹಿಂದೆ ಕುರ್ಚಿಯಲ್ಲಿ ಧಣಿ.

ಮೂರನೆಯ ರೀಲು ಏರಿಸಿದೆ. ಇಬ್ಬರು ನೀರಿಗಿಳಿದರು. ಫಿಲ್ಮು ಬೆಳಕಿನ ಮುಂದೆ ಹಾದುಹೋಗುವ ಗೇಟಿನಲ್ಲಿ ಜೋಡಣೆ ಟಕ್ ಎಂದು ದಾಟಿತು, ಬಿಳಿ ದೋಣಿ ಬಂತು, ನೀರು ಬಡಿಯುವ ಸದ್ದು ಬಂತು. ಅರ್ಧ ನಿಮಿಷವೂ ಆಗಿರಲಿಲ್ಲ. ಸುರುಳಿಗಟ್ಟಿದ್ದ ಫಿಲ್ಮಿನ ಒಂದು ಅಂಚು ಗೇಟಿನಲ್ಲಿ ಎದ್ದು ಸಿಕ್ಕಿಕೊಂಡಿತು, ತೂತುಗಳು ಚರಚರನೆ ಹರಿದವು. ಪರದೆಯ ಮೇಲೆ ದೋಣಿ ಒಮ್ಮೆ ನಡುಗಿ ನಿಂತು, ನಡುವೆ ಕಂದು ಗುಳ್ಳೆಯೆದ್ದು ಕರಗಿತು. ನಾನು ಬೆಳಕಿನ ಮುಚ್ಚಳ ಇಳಿಸಿ ಮೋಟಾರು ನಿಲ್ಲಿಸಿದೆ. ಟೆಂಟಿನಲ್ಲಿ ಶಿಳ್ಳೆ, ಬೊಬ್ಬೆ. ದೀಪ ಹಾಕಿದೆ.

ಧಣಿ ಏಣಿ ಹತ್ತಿ ಬಂದರು. ಗೇಟಿನಿಂದ ನಾನು ಬಿಡಿಸುತ್ತಿದ್ದ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಆ ದೋಣಿ ಅಲ್ವಾ? ನಾನು ಬೇಡ ಅಂತ ಹೇಳಿದ್ದಲ್ಲವಾ ನಿನಗೆ?"

"ಹೌದು ಧಣಿಗಳೇ."

"ಎಳೆದು ಬಿಸಾಡು. ತಾಟೆ ಬರುವಲ್ಲಿಂದ ಶುರು ಮಾಡು. ಜನ ಎದ್ದು ಹೋಗ್ತಾರೆ."

ಹಾಗೆ ಮಾಡಿದ್ದರೆ ಎರಡು ನಿಮಿಷದ ಕೆಲಸ. ದೋಣಿಯನ್ನು ಉಳಿಸಿಕೊಂಡು ಜೋಡಿಸುವುದಾದರೆ ಕಡಿಮೆಯೆಂದರೂ ಏಳೆಂಟು ನಿಮಿಷ ಬೇಕು. ಕಿಂಡಿಯಿಂದ ಕೆಳಗೆ ನೋಡಿದೆ. ಎಲ್ಲರೂ ಹಿಂದೆ ತಿರುಗಿ ಕ್ಯಾಬಿನ್ನಿನ ಕಡೆ ನೋಡುತ್ತಿದ್ದರು, ಆ ತೆಳ್ಳಗಿನ ಹೆಂಗಸು ಮಾತ್ರ ತಿರುಗಿರಲಿಲ್ಲ. ಖಾಲಿ ಪರದೆಯನ್ನೇ ನೋಡುತ್ತ ಕೂತಿದ್ದರು. ಯಾರಿಗೂ ಹೇಳಬೇಡಿ ಎಂದಿದ್ದ ಅಕ್ಕನ ಮಾತನ್ನು ನಾನು ಆಗ ಮುರಿದೆ. ಕೈ ಕೆಲಸ ಮಾಡುತ್ತಿದ್ದಂತೆಯೇ ಧಣಿಗೆ ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದೆ.

ಧಣಿ ಕಿಂಡಿಗೆ ಬಗ್ಗಿ ಸ್ವಲ್ಪ ಹೊತ್ತು ಕೆಳಗೆ ನೋಡಿದರು. ಆಮೇಲೆ, "ಬೆಳಿಗ್ಗೆ ಅಂಗಡಿಯಲ್ಲಿ ಹೇಳಲಿಕ್ಕೆ ನಿನಗೆ ಬಾಯಿ ಇರಲಿಲ್ಲವಾ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಏಣಿ ಇಳಿದರು.

ಆಟಕ್ಕೆ ಮೊದಲು ಹಾಡು ಹಾಕುವ ಮೈಕು ಒಂದಿತ್ತು. ಅದರಲ್ಲಿ ಅವರ ಸ್ವರ ಕೇಳಿಸಿತು. "ರೀಲು ತುಂಡಾಗಿದೆ, ಹತ್ತು ನಿಮಿಷ ಕೂತುಕೊಳ್ಳಿ. ಹೋಗುವವರು ಈಗಲೇ ಹೋಗಿ, ನಾಳೆ ಇದೇ ಟಿಕೇಟಿನಲ್ಲಿ ಬನ್ನಿ. ಕೂತವರು ಶಿಳ್ಳೆ ಹಾಕಬಾರದು. ಮಾತೂ ಬೇಡ." ಯುವಕರ ಕಡೆಯಿಂದ ಯಾರೋ ಏನೋ ಅಂದರು. "ನಾನು ತಮಾಷೆಗೆ ಹೇಳಿದ್ದಲ್ಲ" ಎಂದು ಧಣಿ ಮೈಕು ಕೆಳಗಿಟ್ಟರು.

ನಾನು ಸುಟ್ಟ ಚೌಕಗಳನ್ನೂ ಹರಿದ ಅಂಚನ್ನೂ ಕತ್ತರಿಸಿ ತೆಗೆದೆ. ಎರಡು ಅಡಿಯಷ್ಟು ಹೋಯಿತು. ಪುನಃ ಹೆರೆದು, ಸಿಮೆಂಟು ಎಳೆದು, ಒತ್ತಿ ಹಿಡಿದು ಮನಸ್ಸಿನಲ್ಲೇ ಎಣಿಸಿದೆ. ಬೆವರು ಫಿಲ್ಮಿಗೆ ಬೀಳದ ಹಾಗೆ ತಲೆಗೆ ಟವೆಲು ಕಟ್ಟಿಕೊಂಡಿದ್ದೆ. ಗೇಟಿನ ಒತ್ತುಪಟ್ಟಿಯನ್ನು ಒಂದು ಎಳೆ ಸಡಿಲಿಸಿದೆ, ಸುರುಳಿಗಟ್ಟಿದ ಅಂಚು ಸರಿಯಲು ಜಾಗ ಸಿಗಲಿ ಎಂದು. ಹಾಗೆ ಸಡಿಲಿಸಿದರೆ ಚಿತ್ರ ಸ್ವಲ್ಪ ಅಲ್ಲಾಡುತ್ತದೆ. ಕಡಲಿನ ದೃಶ್ಯ, ಅಲ್ಲಾಡಲಿ ಎಂದುಕೊಂಡೆ. ಇಬ್ಬರು ನೀರಿಗಿಳಿಯುವಲ್ಲಿಂದಲೇ ಮತ್ತೆ ಶುರು ಮಾಡಿದೆ.

ಈ ಸಲ ನಾನು ಆರ್ಕನ್ನು ಬಿಟ್ಟು ಪರದೆ ನೋಡಿದೆ. ದೋಣಿ ತೆರೆಗೆ ಎದ್ದಿತು, ಇಳಿಯಿತು. ಹುಟ್ಟು ಹಾಕುವವರಿಲ್ಲದ ಕಾರಣ ಅದಕ್ಕೆ ಮುಂದು ಯಾವುದು ಹಿಂದು ಯಾವುದು ಎಂಬುದೇ ಇರಲಿಲ್ಲ. ಒಮ್ಮೆ ಅಡ್ಡಕ್ಕೆ, ಒಮ್ಮೆ ಹಿಂಬದಿ ಮುಂದಾಗಿ, ನೀರು ಕೊಂಡೊಯ್ದ ಹಾಗೆ ತಿರುಗುತ್ತಿತ್ತು. ದೋಣಿ ನಮ್ಮ ಕಡೆಯದಲ್ಲ, ಕಡಲೂ ನಮ್ಮದಲ್ಲ. ಆದರೆ ಹೊಯ್ಗೆಯಲ್ಲಿ ಕೂತಿದ್ದ ಒಬ್ಬ ಮುದುಕ ಮೆಲ್ಲಗೆ, "ಹಾಗೆಯೇ. ಸರಿ ಹಾಗೆಯೇ ಇತ್ತು" ಎಂದದ್ದು ಕ್ಯಾಬಿನ್ನಿಗೆ ಕೇಳಿಸಿತು. ಆ ದಿನ ದೋಣಿ ಎಳೆದು ತಂದವರಲ್ಲಿ ಅವರೂ ಒಬ್ಬರು ಎಂದು ನನಗೆ ಗೊತ್ತಾದದ್ದು ಮರುದಿನ. ಬೇರೆ ಒಂದು ಸದ್ದಿಲ್ಲ. ಯುವಕರೂ ಸುಮ್ಮನಿದ್ದರು.

ಕೂಡಲೇ ಮುಂದಿನ ದೃಶ್ಯದಲ್ಲಿ ರಬ್ಬರಿನ ತಾಟೆ ಬಾಯಿ ಕಳೆದು ಬಂತು. ಒಂದು ಕ್ಷಣ ಎಲ್ಲರೂ ತಡೆದರು, ಆಮೇಲೆ ಹೆಂಗಸರ ಬದಿಯಿಂದಲೇ ನಗೆ ಎದ್ದಿತು, ಹಿಂದಿನ ದಿನಗಳಿಗಿಂತ ಜೋರಾಗಿ. ಅತ್ತಿಗೆಯೂ ತಲೆ ಬಗ್ಗಿಸಿ ನಗುತ್ತಿದ್ದರು, ಇಲ್ಲವೇ ಅಳುತ್ತಿದ್ದರು. ಮೇಲಿನಿಂದ ನೋಡುವವನಿಗೆ ಹೆಗಲು ಅಲ್ಲಾಡುವುದು ಮಾತ್ರ ಕಾಣುತ್ತದೆ.

ಮಂಗಳವಾರ ಕೊನೆಯ ದಿನ. ಹೊಯ್ಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿನೆಮಾಕ್ಕೆ ಎಂದೂ ಬಾರದ ಮುದುಕರು, ಮುದುಕಿಯರು ಬಂದಿದ್ದರು. ಮೂರನೆಯ ರೀಲು ಮುಗಿದು ದೀಪ ಹಾಕಿದಾಗ ಅವರಲ್ಲಿ ಅರ್ಧದಷ್ಟು ಜನ ಎದ್ದು ಹೊರಟರು. ತಾಟೆ ಸಾಯುವುದನ್ನು ನೋಡಲು ಅವರು ಬಂದಿರಲೇ ಇಲ್ಲ. ಧಣಿ ಬಾಗಿಲಲ್ಲಿ ನಿಂತು ಅಲ್ಲಿ ಕಟ್ಟಿದ್ದ ಬಟ್ಟೆ ಸರಿಸಿ ದಾರಿ ಮಾಡಿಕೊಡುತ್ತಿದ್ದರು. ನನ್ನ ಮೇಲೆ ಅವರ ಮುನಿಸು ಇಳಿದಿರಲಿಲ್ಲ. ದೋಣಿಯ ವಿಷಯಕ್ಕಲ್ಲ, ತಮಗೆ ಮೊದಲೇ ಹೇಳಲಿಲ್ಲ ಎಂಬುದಕ್ಕೆ. ಒಂದು ವಾರ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಹೋಟೆಲಿನ ತುಂಡನ್ನೂ ಅದರ ಜಾಗಕ್ಕೆ ಸೇರಿಸಿ, ಮೂರನೆಯ ರೀಲಿನ ಜೋಡಣೆಗಳನ್ನು ಮತ್ತೊಮ್ಮೆ ಪರೀಕ್ಷಿಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಅತ್ತಿಗೆ ಒಬ್ಬರೇ ಬಂದಿದ್ದರು.

"ಅದು ಇದರಲ್ಲಿ ಉಂಟಾ?" ಎಂದು ಕೇಳಿದರು.

ನಾನು ರಿವೈಂಡರನ್ನು ಹಿಂದಕ್ಕೆ ತಿರುಗಿಸಿ, ದೋಣಿಯ ಜಾಗ ಹುಡುಕಿ, ಒಂದು ಮಾರು ಉದ್ದ ಫಿಲ್ಮನ್ನು ಬಾಗಿಲಿನ ಬಿಸಿಲಿಗೆ ಹಿಡಿದೆ. ಅವರು ಹತ್ತಿರ ಬಂದು ನೋಡಿದರು. ಒಂದರ ಕೆಳಗೆ ಒಂದು ಸಣ್ಣ ಚೌಕ, ಪ್ರತಿಯೊಂದರಲ್ಲೂ ಅದೇ ದೋಣಿ.

"ಇಷ್ಟು ಸಣ್ಣದಾ?"

"ಹೌದಮ್ಮ. ದೊಡ್ಡದಾಗುವುದು ಬೆಳಕಿನಲ್ಲಿ."

ಅವರು ಮುಟ್ಟದೆ, ಬೆರಳನ್ನು ಸ್ವಲ್ಪ ದೂರದಲ್ಲಿಟ್ಟು ಒಂದೊಂದೇ ಚೌಕವನ್ನು ನೋಡುತ್ತ ಕೆಳಗೆ ಬಂದರು. ನಾನು ಫಿಲ್ಮನ್ನು ಸರಿಸುತ್ತ ಹೋದೆ. ಎಷ್ಟು ಹೊತ್ತು ಹಾಗೆ ನಿಂತೆವೋ ತಿಳಿಯದು. "ಇಷ್ಟೂ ಚಿತ್ರದಲ್ಲಿ ಯಾರೂ ಇಲ್ವಾ?" ಎಂದು ಕೇಳಿದರು.

"ಯಾರೂ ಇಲ್ಲಮ್ಮ."

"ದೋಣಿಗೆ ಎಂತದೂ ಆಗಿಲ್ಲ ಅಲ್ವಾ. ಒಡೆದಿಲ್ಲ."

"ಇಲ್ಲ. ಸರಿಯಾಗಿಯೇ ಉಂಟು."

ನಾಲ್ಕು ಚೌಕ ಕತ್ತರಿಸಿ ಕೊಡಲೇ ಎಂದು ಕೇಳಿದೆ. ಪರದೆಯ ಮೇಲೆ ಯಾರಿಗೂ ತಿಳಿಯುವುದಿಲ್ಲ ಎಂದೆ. ಅವರು ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. "ಬೇಡ" ಎಂದರು. "ನೋಡಿ ಆಯ್ತಲ್ಲ. ಇನ್ನು ಯಾರನ್ನೂ ಕೇಳಬೇಕು ಅಂತ ಇಲ್ಲ." ಸೆರಗು ಸರಿಮಾಡಿಕೊಂಡು ಕಡಲಿನ ದಾರಿಯಲ್ಲಿ ಹೋದರು.

ಪ್ರಿಂಟ್ ಅಲ್ಲಿಂದ ಸಂತೆಕಟ್ಟೆಯ ಕಡೆಯ ಇನ್ನೊಂದು ಟೆಂಟಿಗೆ ಹೋಗುವುದಿತ್ತು. ಅಲ್ಲಿಯ ಆಪರೇಟರನ್ನು ನಾನು ನೋಡಿದವನಲ್ಲ. ಬಸ್ಸು ಬರಲು ಸಮಯವಿತ್ತು. ಒಂದು ಚೀಟಿ ಬರೆದು ಮೂರನೆಯ ಡಬ್ಬದ ಮುಚ್ಚಳದ ಒಳಬದಿಗೆ ಅಂಟಿಸಿದೆ: "ಈ ರೀಲಿನಲ್ಲಿ ಖಾಲಿ ದೋಣಿ ಬರುತ್ತದೆ. ಅಲ್ಲಿ ಹೊಸ ಜೋಡಣೆ ಮೂರು ಕಡೆ ಉಂಟು, ಗಟ್ಟಿಯಾಗಿವೆ. ಗೇಟು ಸ್ವಲ್ಪ ಸಡಿಲ ಇಡಿ. ಜನ ಸುಮ್ಮನಾದರೆ ಬೇಸರ ಅಂತ ತಿಳಿದು ಕತ್ತರಿಸಬೇಡಿ."